ಯಲ್ಲದಕೆರೆ ತಿರುವಿನ ಬೂಟುಗಳು

“ಎಲ್ಲಾ ನೆಟ್ಟಗಿದ್ದ ಗಾಡಿ ಯಾಕೆ ನಿಂತುಕೊಳ್ತು?”

ರೇವಣಸಿದ್ದಪ್ಪನವರು ಯಾರನ್ನೂ ಕೇಳಿದ್ದಲ್ಲ. ಚಿತ್ರದುರ್ಗದ ಮೋಟಾರು ಸಂಘದ ಪಡಸಾಲೆಯಲ್ಲಿ ಆ ಹೊತ್ತು ಅವರೊಬ್ಬರೇ ಇದ್ದರು. ಎದುರಿಗೆ ಗೋಡೆಗೆ ಒರಗಿಸಿದ ಆಳೆತ್ತರದ ಮರದ ಹಲಗೆ. ಮಾತು ಅದಕ್ಕೆ ತಾಗಿ ಅವರ ಕಿವಿಗೇ ಮರಳಿತು.

ಹಲಗೆಯ ನೆತ್ತಿಯಲ್ಲಿ ‘ನಾಲ್ಕೂರು ಓಟ, 1973, ಫಲಿತಾಂಶ’ ಎಂದು ಬರೆದಿತ್ತು. ಐದು ವರ್ಷದ ಬಿಸಿಲು ತಿಂದ ಬಣ್ಣ ಹಪ್ಪಳದಂತೆ ಎದ್ದು ನಿಂತಿತ್ತು. ದುರ್ಗದಿಂದ ಹಿರಿಯೂರು, ಅಲ್ಲಿಂದ ಯಲ್ಲದಕೆರೆ ಹಾದು ಹೊಸದುರ್ಗ, ಹೊಳಲ್ಕೆರೆ, ಮತ್ತೆ ದುರ್ಗ. ಬೆಳಗಿನ ಮಬ್ಬಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಸುತ್ತುವುದು. ಯಾರ ಗಾಡಿ ಹೆಚ್ಚು ಸುತ್ತು ಬಾಳಿತೋ ಅವರದು ಗೆಲುವು. ಅಂದು ಇಪ್ಪತ್ಮೂರು ಕಾರು ಹೊರಟಿದ್ದವು. ಕುಂಟುತ್ತ ಕೆಮ್ಮುತ್ತ ಕೊನೆ ಮುಟ್ಟಿದ್ದು ಐದೇ ಐದು.

ಉಳಿದವುಗಳ ಹೆಸರಿನ ಮುಂದೆಲ್ಲ ‘ನಿವೃತ್ತಿ’ ಎಂಬ ಒಂದೇ ಮಾತು. ಅದರಾಚೆ ಕಾರಣ. ಕ್ಲಚ್ಚು. ರೇಡಿಯೇಟರು. ಮುರಿದ ಆಕ್ಸಲು. ಒಂದರ ಮುಂದೆ ‘ಚಾಲಕನಿಗೆ ವಾಂತಿ’.

ಒಂಬತ್ತನೇ ನಂಬರಿನ ಮುಂದೆ ಮಾತ್ರ ಏನೂ ಇರಲಿಲ್ಲ. ಚಾಲಕ ಚಿತ್ತಯ್ಯ, ಯಲ್ಲದಕೆರೆ. ಕಾರಣದ ಜಾಗ ಖಾಲಿ.

ಆ ಖಾಲಿ ಜಾಗಕ್ಕಾಗಿಯೇ ಚಿತ್ತಯ್ಯನ ತಾಯಿ ಜಯಕ್ಕ ಮೊನ್ನೆ ಇವರ ಜಗುಲಿಗೆ ಬಂದು, “ಗೆಲ್ಲೋ ಓಟಾನ ಬೇಕಂತಲೇ ಬಿಟ್ಟುಕೊಟ್ಟ ಅಂತಾರೆ ಸ್ವಾಮಿ. ಅವ್ನು ಬಾಯಿ ಬಿಡಲ್ಲ. ನೀವಾದ್ರೂ ನಿಜ ಹುಡುಕ್ರಿ” ಎಂದು ಸೆರಗೊಡ್ಡಿ ಕೇಳಿಕೊಂಡು ಹೋಗಿದ್ದಳು.

ನಿವೃತ್ತಿ ಎಂಬ ಮಾತು ರೇವಣಸಿದ್ದಪ್ಪನವರಿಗೆ ಹೊಸದಲ್ಲ. ಪೊಲೀಸು ದಫೇದಾರಿಕೆಯಿಂದ ಇಳಿದು ಮೂರು ಮಳೆಗಾಲ ಕಳೆದಿದ್ದವು. ಊರು ಅವರನ್ನು ಇನ್ನೂ ದಫೇದಾರ್ರು ಎಂದೇ ಕರೆಯುತ್ತಿತ್ತು. ಬೆಳಿಗ್ಗೆ ಇಷ್ಟಲಿಂಗಪೂಜೆ, ಸಂಜೆ ಮಠದ ಪಡಸಾಲೆಯಲ್ಲಿ ಪುರಾಣವಾಚನ ಕೇಳುವುದು. ನಡುವೆ ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಇಂಥ ಓಡಾಟ. ಚಿಕ್ಕವರಿದ್ದಾಗ ಅವರಜ್ಜ ವಾಚನಕ್ಕೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದ ಮಾತೊಂದಿತ್ತು: ಪದ ಎಲ್ಲರಿಗೂ ಕೇಳುತ್ತೆ ಮಗಾ, ಓದೋರು ಎಲ್ಲಿ ಉಸಿರು ತಗೊಳ್ತಾರೆ, ಅಲ್ಲಿ ಕಿವಿ ಇಡು.

ಈ ಹಲಗೆಯ ಮೇಲೆ ಉಸಿರು ತೆಗೆದುಕೊಂಡ ಜಾಗ ಒಂದೇ ಇತ್ತು.

“ಏನ್ ದಫೇದಾರ್ರೆ, ಹಲಗೆ ಜೊತೆ ಮಾತಾಡ್ತಿದೀರಾ? ಉತ್ತರ ಕೊಡ್ತಾ?”

ಬಾಗಿಲಲ್ಲಿ ಮುರುಗಪ್ಪ. ಎಣ್ಣೆ ಗಿರಣಿಯ ಒಡೆಯ, ಕೆಂಪು ಗಾಡಿಯಲ್ಲಿ ಅಂದಿನ ಓಟ ಗೆದ್ದವನು, ಈಗ ಸಂಘದ ಕಾರ್ಯದರ್ಶಿ. ಹೊಟ್ಟೆ ಬಂದಿತ್ತು, ಕೆನ್ನೆ ಜೋತಿತ್ತು. ಆದರೂ ನಿಂತಲ್ಲಿ ಕೈಗಳೆರಡೂ ತಾವಾಗಿಯೇ ಸ್ಟೇರಿಂಗು ಹಿಡಿದ ಹಾಗೆ ಮಡಚಿಕೊಳ್ಳುತ್ತಿದ್ದವು.

“ನಾಳೆ ಬೆಳಿಗ್ಗೆ ಪೇಂಟರ್ ಬರ್ತಾನೆ. ಪೆಟ್ರೋಲು ತುಟ್ಟಿಯಾಗಿ ನಿಂತೋಗಿದ್ದ ಓಟ ಮತ್ತೆ ಶುರು ಮಾಡ್ತಿದೀವಲ್ಲ, ಹಲಗೆ ಹೊಸದಾಗ್ಬೇಕು. ಒಂಬತ್ತರ ಮುಂದೆ ಬರಿಯಾಕೆ ಕಾರಣ ಸಿಗಲಿಲ್ಲ ಅಂದ್ರೆ ‘ಬೇಕಂತಲೇ ನಿಲ್ಲಿಸಿದ್ದು’ ಅಂತ ಬರೀರಿ ಅಂದೈತೆ ಕಮಿಟಿ.”

“ಹಾಗೆ ಬರೆದರೆ?”

“ನಿಯಮ ಐತಲ್ಲ. ಅಂಥೋನು ಇನ್ಮೇಲೆ ಓಟಕ್ಕೆ ಇಳಿಯಂಗಿಲ್ಲ. ಯಾವತ್ತೂ.”

ರೇವಣಸಿದ್ದಪ್ಪನವರು ಒಂಬತ್ತರ ಮುಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. “ಅವನು ನಿಂತಿದ್ದನ್ನ ಕಣ್ಣಾರೆ ಕಂಡವರು ನೀವೇ ಅಲ್ವಾ?”

“ನಾನೇ. ಕೊನೇ ಸುತ್ತು. ಅವ್ನು ಎಷ್ಟು ಮುಂದಿದ್ದ ಅಂದ್ರೆ, ನಾನು ಎರಡನೇ ಬಹುಮಾನಕ್ಕೇ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಯಲ್ಲದಕೆರೆ ತಿರುವು ತಿರುಗಿದ್ರೆ ಹಳದಿ ಗಾಡಿ ಪಕ್ಕಕ್ಕೆ ನಿಂತೈತೆ! ಇವ್ನು ಬೇವಿನ ಮರದ ಕೆಳಗೆ ಕುಂತವ್ನೆ. ಮಗ್ಗಲಾಗೆ ಒಂದು ಕರೀ ಕಂಬಳಿ ಗುಪ್ಪೆ. ನೆಲ ಸುಡೋ ಬಿಸಿಲಾಗೆ ಕಂಬಳಿ! ಜ್ವರಗಿರ ಬಂತೇನೋ ಅಂದ್ಕಂಡು ಕೈ ಬೀಸ್ದೆ. ತಲೇನೇ ಎತ್ತಲಿಲ್ಲ.”

“ರಸ್ತೆ ಮೇಲೆ?”

“ನರಪಿಳ್ಳೆ ಇರಲಿಲ್ಲ.”

“ನೀವು ನಿಲ್ಲಿಸಲಿಲ್ಲ.”

“ಓಟದಾಗೆ ಯಾರ್ರೀ ನಿಲ್ಲಿಸ್ತಾರೆ?” ಮುರುಗಪ್ಪ ನಕ್ಕ. ನಗು ಅರ್ಧಕ್ಕೇ ಆರಿತು. “ಆ ಗೆದ್ದ ಕಪ್ಪು ಮನೇಲೈತೆ ದಫೇದಾರ್ರೆ. ಹಬ್ಬಕ್ಕೊಂದ್ಸಲ ಹುಣಸೆಹಣ್ಣು ಹಾಕಿ ಉಜ್ಜಿಸ್ತೀನಿ. ಅದನ್ನ ಕಂಡಾಗೆಲ್ಲ ಅವ್ನು ತಲೆ ಎತ್ತದೇ ಇದ್ದದ್ದೇ ನೆಪ್ಪಾಗುತ್ತೆ. ಗೆದ್ದಂಗೇ ಅನ್ಸಿಲ್ಲ ನಂಗೆ.”

ಇದು ಪಶ್ಚಾತ್ತಾಪವೋ, ಬರೀ ಬೇಸರವೋ? ರೇವಣಸಿದ್ದಪ್ಪನವರು ಆ ಮುಖವನ್ನು ಒಮ್ಮೆ ಓದಿ, ಗೋಡೆಯ ಮೇಲಿನ ಚಿತ್ರದ ಕಡೆ ತಿರುಗಿದರು.

ಅಂದಿನ ಸಂಜೆಯ ಫೋಟೋ. ಛಾವಣಿ ಇಲ್ಲದ, ಉದ್ದ ಮೂಗಿನ ಒಂಬತ್ತನೇ ನಂಬರಿನ ಗಾಡಿ. ಸುತ್ತ ಹತ್ತಾರು ಜನ, ಎಲ್ಲರ ಕಣ್ಣೂ ಗಾಡಿಯ ಮೇಲೆ. ಎಂಜಿನ್ನು ಒಂದೇ ತಿರುವಿಗೆ ಚಾಲೂ ಆಯಿತಂತೆ, ಟಾಂಕಿಯಲ್ಲಿ ಪೆಟ್ರೋಲು ಇತ್ತಂತೆ, ಚಕ್ರ ನಾಲ್ಕೂ ಗಟ್ಟಿಯಾಗಿದ್ದವಂತೆ. ಐದು ವರ್ಷದಿಂದ ಎಲ್ಲರೂ ಗಾಡಿಯನ್ನೇ ನೋಡಿದ್ದರು.

ಅವರು ಚಿತ್ರದ ಮೂಲೆ ನೋಡಿದರು. ಬೇವಿನ ಬುಡದ ಈಚೆ, ಒಂದು ಜೊತೆ ಬೂಟು. ಉರುಳಿಬಿದ್ದಿರಲಿಲ್ಲ. ಪಕ್ಕಪಕ್ಕದಲ್ಲಿ, ಮೂತಿ ರಸ್ತೆ ಕಡೆಗೆ, ಜೋಡಿಸಿಟ್ಟಂತೆ ಇದ್ದವು.

ಕಾಲು ನೊಂದು ಕಿತ್ತು ಬಿಸುಟ ಬೂಟಲ್ಲ ಅದು. ಹೀಗೆ ಬಿಟ್ಟ ಪಾದರಕ್ಷೆಗಳನ್ನು ದಿನವೂ ಎಲ್ಲೋ ನೋಡುತ್ತೇನೆ ಅನ್ನಿಸಿತು. ಎಲ್ಲಿ ಎಂಬುದು ಮಾತ್ರ ಹೊಳೆಯಲಿಲ್ಲ.

*

ಹಿರಿಯೂರಿನಲ್ಲಿ ಬಸ್ಸು ಇಳಿದು ಗ್ಯಾರೇಜಿಗೆ ಹೋದರೆ, ಜಂಬಣ್ಣ ಗಾಡಿಯೊಂದರ ಕೆಳಗಿನಿಂದ ಕಾಲಷ್ಟೇ ಹೊರಗೆ ಹಾಕಿ ಮಲಗಿದ್ದ.

“ಯಾರದು? ಪೊಲೀಸಾದ್ರೆ ನಾನಿಲ್ಲ, ಗಿರಾಕಿ ಆದ್ರೆ ಇದೀನಿ.”

“ಎರಡೂ ಅಲ್ಲ. ರೇವಣಸಿದ್ದಪ್ಪ.”

“ಅಯ್ಯೋ ದಫೇದಾರ್ರು!” ಎಣ್ಣೆಗಪ್ಪು ಮುಖದಲ್ಲಿ ಹಲ್ಲು ಹೊಳೆದವು. “ಬರ್ರಿ ಬರ್ರಿ, ಕುಂತ್ಕಳ್ರಿ. ಲೇ, ಟೀ ಹೇಳ್ರೋ!”

ಜಂಬಣ್ಣ ಒಂಬತ್ತನೇ ನಂಬರನ್ನು ಹುಟ್ಟಿಸಿದವನು. ಗುಜರಿಗೆ ಬಿದ್ದಿದ್ದ ಹಳೆಯ ಹೆರಾಲ್ಡ್ ಕಾರಿನ ತಲೆ ಕೊಯ್ದು, ಮೂಗು ಎಳೆದು, ತಗಡು ತಟ್ಟಿ ತಟ್ಟಿ ಅವನು ಮಾಡಿದ ಓಟದ ಗಾಡಿ ನೋಡಲು ಆ ಕಾಲದಲ್ಲಿ ತುಮಕೂರಿನಿಂದಲೂ ಜನ ಬರುತ್ತಿದ್ದರು. ಕುರಿ ಕಾಯುತ್ತಿದ್ದ ಚಿತ್ತಯ್ಯನಿಗೆ ಸ್ಟೇರಿಂಗು ಹಿಡಿಸಿದವನೂ ಅವನೇ.

ಬಂದ ಕೆಲಸ ಹೇಳಿದೊಡನೆ ಆ ಹಲ್ಲು ಮರೆಯಾಯಿತು.

“ಬಿಡ್ರಿ ದಫೇದಾರ್ರೆ. ಚಿತ್ತಯ್ಯನೇ ಮರ್ತವ್ನೆ, ನಾವ್ಯಾಕೆ ಕೆದಕಾಣ?”

“ಅವನ ತಾಯಿ ಮರ್ತಿಲ್ಲವಲ್ಲ.”

ಜಂಬಣ್ಣ ಕೈಯೊರೆಸುವ ಬಟ್ಟೆಯನ್ನು ಹಿಂಡಿದ, ಬಿಚ್ಚಿದ, ಮತ್ತೆ ಹಿಂಡಿದ. ಯಲ್ಲದಕೆರೆ ಬಸ್ಸು ಹೋಗಿಬಿಟ್ಟಿತ್ತು. ಕೊನೆಗೆ ಅವನೇ ಒಳಗೆ ಹೋಗಿ ಟಾರ್ಪಾಲು ಸರಿಸಿದ. ಹಳದಿ ಬಣ್ಣ ಮಾಸಿದ್ದರೂ ಬಿಳಿಯ ವೃತ್ತದೊಳಗಿನ ಒಂಬತ್ತು ಇನ್ನೂ ಹಾಗೇ ಇತ್ತು.

“ಹತ್ರಿ. ಇದ್ರಾಗೇ ಹೋಗಾಣ. ವಾರಕ್ಕೊಂದ್ಸಲ ಗಾಳಿ ಕುಡಿಸದಿದ್ರೆ ಮುನಿಸ್ಕೊಳ್ತಾಳೆ.”

ಊರು ದಾಟಿದ ಮೇಲೆ ಗಾಳಿ ಮುಖಕ್ಕೆ ಬಡಿಯತೊಡಗಿತು. ಎರಡೂ ಕಡೆ ಹುಣಸೆಮರ, ಅವುಗಳಾಚೆ ಕಡಲೆಕಾಯಿ ಹೊಲ, ದೂರದಲ್ಲಿ ಕುರಿಮಂದೆಯ ಧೂಳು. ಮಾತು ಬೇಡವೆಂದಿದ್ದ ಜಂಬಣ್ಣನ ನಾಲಿಗೆ ಎಂಜಿನ್ನಿನ ಸದ್ದಿಗೆ ಸಡಿಲವಾಯಿತು.

“ಆ ಸೇತುವೆ ಕಾಣ್ತದಲ್ಲ, ಅಲ್ಲಿ ಹದಿನಾಲ್ಕನೇ ನಂಬರಿನ ಚಕ್ರ ಕಳಚ್ಕೊಂಡು ಗಾಡಿಗಿಂತ ಮುಂದೆ ಹೋಯ್ತು. ಡ್ರೈವರು ಅದನ್ನ ನೋಡಿ, ಯಾರಪ್ಪ ಇವ್ನು ನನ್ನ ಹಿಂದಕ್ಕೆ ಹಾಕ್ದೋನು ಅಂದ್ನಂತೆ!”

ರೇವಣಸಿದ್ದಪ್ಪನವರಿಗೂ ಆ ದಿನ ಕಣ್ಣಿಗೆ ಬಂತು. ಅವರಿಗೆ ಅಂದು ಹೊಳಲ್ಕೆರೆ ವೃತ್ತದಲ್ಲಿ ಬಂದೋಬಸ್ತು. ಶಾಲೆಗಳಿಗೆ ರಜೆ. ಮಾಳಿಗೆಗಳ ಮೇಲೆ ಜನ. ಗಾಡಿ ಹಾದಾಗೆಲ್ಲ ಹೆಂಗಸರು ತಂಬಿಗೆಯಿಂದ ರಸ್ತೆಗೆ ನೀರು ಚೆಲ್ಲುತ್ತಿದ್ದರು, ಧೂಳು ಅಡಗಲೆಂದೋ, ದೃಷ್ಟಿ ತಾಗದಿರಲೆಂದೋ. ಸೋತವರಿಗೆ ಸಿಕ್ಕಷ್ಟು ಉಪಚಾರ ಗೆದ್ದವರಿಗೂ ಸಿಕ್ಕಿರಲಿಲ್ಲ. ಬಾಗೂರಿನ ಹತ್ತಿರ ಗಾಡಿ ಬಿಸಿಯೇರಿ ನಿಂತವನನ್ನು ಮದುವೆ ಮನೆಯವರು ಎಳೆದೊಯ್ದು ಪಂಕ್ತಿಗೆ ಕೂರಿಸಿ ಹೋಳಿಗೆ ಬಡಿಸಿದರು. ಕೆಟ್ಟ ಗಾಡಿಗಳನ್ನು ಚಿಕ್ಕಜಾಜೂರಿಗೆ ಎಳೆದು ತಂದು ಗೂಡ್ಸಿಗೆ ಹತ್ತಿಸಿದಾಗ, ರೈಲ್ವೆಯವರು ಅವಕ್ಕೆ ಚೆಂಡುಹೂವಿನ ಹಾರ ಹಾಕಿ ಹಸಿರು ನಿಶಾನೆ ತೋರಿಸಿದರು.

“ಹೊಳಲ್ಕೆರೇಲಿ ಒಬ್ಬನ ಕ್ಲಚ್ಚು ಹೋಗಿತ್ತಲ್ಲ,” ಎಂದರು ಅವರು.

“ಹೋಗ್ಲಿಲ್ಲ ಅನ್ರಿ, ಕೂಡಿ ಬಂತು! ಪಾರ್ಟು ಬರೋಗಂಟ ಅಂತ ಉಳಕೊಂಡೋನು ಆ ಮನೆ ಅಳಿಯನೇ ಆದ. ಈಗ ಅಲ್ಲೇ ಸೈಕಲ್ ಅಂಗಡಿ ಇಟ್ಟವ್ನೆ. ಅವನ ಹೆಂಡ್ತಿ ಸಿಟ್ಟು ಬಂದಾಗೆಲ್ಲ, ನಿನ್ನ ಕ್ಲಚ್ಚು ನೆಟ್ಟಗಿದ್ದಿದ್ರೆ ನನ್ನ ಹಣೇಬರ ನೆಟ್ಟಗಿರ್ತಿತ್ತು ಅಂತಾಳಂತೆ.”

ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ನಕ್ಕಂತಿತ್ತು.

“ಕೊನೆಕೊನೆಗೆ ರಸ್ತೆ ಹೇಗಿತ್ತು ಜಂಬಣ್ಣ?”

“ಬಣಬಣ. ಬೆಳಿಗ್ಗೆ ಒಂದರ ಬಾಲ ಒಂದು ಹಿಡಕೊಂಡಂಗೆ ಬರ್ತಿದ್ವು. ಮಧ್ಯಾಹ್ನ ಕಳೆದ ಮೇಲೆ, ಒಂದು ಹೋದ್ರೆ ಇನ್ನೊಂದು ಬರೋದ್ರಾಗೆ ಒಂದು ನಿದ್ದೆ ತೆಗೀಬೋದಿತ್ತು.”

“ನೀನು ಗ್ಯಾರೇಜಿನಲ್ಲೇ ಇದ್ದೆಯಾ?”

“ಮತ್ತೆಲ್ಲಿ? ಓಟ ಮುಗಿಯೋಗಂಟ ಹೊರಗಿನ ಗಾಡಿ ರಸ್ತೆಗಿಳಿಯಂಗಿಲ್ಲ. ಸಹಾಯಕ್ಕೆ ಅಂತ ಇಳಿದ್ರೆ ನಮ್ಮ ಕಾರೇ ಓಟದಿಂದ ಔಟು. ಸಂಜೆ ಸುದ್ದಿ ಬಂದ ಮ್ಯಾಲೆ ಫೋಟೋದೋನ್ನ ಜೀಪಿಗೆ ಹತ್ತಿಸ್ಕೊಂಡು ಹೋದೆ. ಚಿತ್ತಯ್ಯ ಬರಿಗಾಲಾಗೆ ಕುಂತಿದ್ದ. ಒಂದು ಮಾತಾಡಲಿಲ್ಲ. ಅವತ್ತಿಂದ ಸ್ಟೇರಿಂಗೂ ಮುಟ್ಟಲಿಲ್ಲ.”

“ಆ ಜೀಪು ಈಗಲೂ ಇದೆಯಾ?”

“ಮಾರ್ದೆ. ಆ ವಾರವೇ. ಮನಸ್ಸು ಹತ್ತಲಿಲ್ಲ.”

ಮುಂದೆ ರಸ್ತೆ ಎಡಕ್ಕೆ ಬಾಗಿತ್ತು. ಎದುರಿಗೆ ಏನೂ ಇರಲಿಲ್ಲ. ಆದರೂ ಜಂಬಣ್ಣ ಗಾಡಿಯನ್ನು ಎತ್ತಿನ ಬಂಡಿಯ ನಡಿಗೆಗೆ ಇಳಿಸಿದ. ತುಟಿ ಏನೋ ಹೇಳಿಕೊಂಡಿತು, ಕೈ ಎದೆ ಮುಟ್ಟಿತು. ಎಲ್ಲ ಚಾಲಕರೂ ಹಾರ್ನು ಒತ್ತುವ ಜಾಗ ಅದು. ಅವನು ಒತ್ತಲಿಲ್ಲ.

ಬೇವಿನ ಮರ ಬಂತು. ಗಾಡಿ ನಿಂತಿತು.

“ಚಿತ್ತಯ್ಯನ ಹಟ್ಟಿ ಅಲ್ಲೇ ಐತೆ. ನೀವು ಹೋಗ್ಬರ್ರಿ. ನಾನಿಲ್ಲೇ ಇರ್ತೀನಿ, ರೇಡಿಯೇಟರು ಕಾದೈತೆ.”

ಇಳಿಯುವಾಗ ರೇವಣಸಿದ್ದಪ್ಪನವರ ಅಂಗೈ ಬಾನೆಟ್ಟಿಗೆ ತಗುಲಿತು. ಅಷ್ಟೇನೂ ಕಾದಿರಲಿಲ್ಲ.

*

ಹಟ್ಟಿಗೆ ಹೋಗುವ ದಾರಿಯಲ್ಲಿ, ಮುಳ್ಳುಬೇಲಿಯ ಹತ್ತಿರ, ಒಬ್ಬಳು ಮುದುಕಿ ರಾಗಿ ಕೇರುತ್ತಿದ್ದಳು.

“ಚಪ್ಪಲಿ ಅಲ್ಲೇ ಬಿಡ್ರಿ ಸ್ವಾಮಿ. ಮುಂದೆ ದೇವ್ರ ದನದ ರೊಪ್ಪ ಐತೆ.”

ಅವರು ಬಿಟ್ಟರು. ವಾಪಸು ಬರುವಾಗ ಮೆಟ್ಟಲು ಸಲೀಸಾಗಲಿ ಎಂದು ಪಕ್ಕಪಕ್ಕದಲ್ಲಿ, ಮೂತಿ ರಸ್ತೆ ಕಡೆಗೆ ಮಾಡಿ ಇಟ್ಟರು. ಎರಡು ಹೆಜ್ಜೆ ಹೋಗಿ, ನಿಂತು, ತಿರುಗಿ ನೋಡಿದರು.

ಫೋಟೋದ ಮೂಲೆಯೇ ಅಲ್ಲಿ ನೆಲದ ಮೇಲೆ ಇದ್ದಂತಿತ್ತು.

ದಿನವೂ ಮಠದ ಮೆಟ್ಟಿಲ ಬಳಿ, ಗುಡಿಯ ಬಾಗಿಲಲ್ಲಿ, ತಾವೇ ಹೀಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಹಾಗಾದರೆ ಅಂದು ಆ ನಡುರಸ್ತೆಗೆ ಯಾವ ದೇವರು ಬಂದಿತ್ತು?

ರೊಪ್ಪ ಎಂದರೆ ಮುಳ್ಳು ಕಟ್ಟಿದ ದೊಡ್ಡಿ. ಒಳಗೆ ದೇವರಿಗೆ ಬಿಟ್ಟ ದನಗಳು ಮೆಲುಕು ಹಾಕುತ್ತ ಮಲಗಿದ್ದವು. ಅವನ್ನು ಉಳುವುದಿಲ್ಲ, ಮಾರುವುದಿಲ್ಲ, ಹೊಡೆಯುವುದಿಲ್ಲ. ಅವುಗಳ ಸೇವೆಗೆಂದೇ ಇರುವವನ ಹೆಸರು ಕಿಲಾರಿ. ಈ ಹಟ್ಟಿಯ ಕಿಲಾರಿ ಗೊಲ್ಲಪ್ಪ, ಜಯಕ್ಕನ ಅಣ್ಣ, ಚಿತ್ತಯ್ಯನ ಸೋದರಮಾವ. ಕೈಯಲ್ಲಿ ಕಿಲಾರಿಯ ಕೋಲು, ಹೆಗಲ ಮೇಲೆ ಕಂಬಳಿ.

“ಕುಂತ್ಕಳ್ರಿ ಸ್ವಾಮಿ. ಮಜ್ಜಿಗೆ ಕುಡೀರಿ. ಜಯಕ್ಕ ಕಳಿಸಿದ್ಲಾ?”

“ಹೌದು.” ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. “ಒಂದು ಕೇಳ್ತೀನಿ ಗೊಲ್ಲಪ್ಪ. ದೇವರ ದನ ರಸ್ತೆ ದಾಟುವಾಗ ಎದುರಿಗೆ ಬಂದವರು ಏನು ಮಾಡಬೇಕು?”

“ನಿಮಗೆ ತಿಳೀದ್ದಾ? ಗಾಡಿ ಇದ್ರೆ ನಿಲ್ಲಿಸ್ಬೇಕು. ಕಾಲಾಗಿಂದು ಬಿಡಬೇಕು. ಕೊನೇ ಕರ ದಾಟೋಗಂಟ ಕೈ ಮುಗಿದು ನಿಂತಿರ್ಬೇಕು. ಬೆದರಿಸಂಗಿಲ್ಲ, ಅವಸರ ಮಾಡಂಗಿಲ್ಲ.”

“ಓಟದ ದಿನ ದನ ಹೊರಗೆ ಬಿಡೋದಿಲ್ಲ ಅಂತ ಹಟ್ಟಿ ಸಂಘಕ್ಕೆ ಮಾತು ಕೊಟ್ಟಿತ್ತಂತೆ. ಅದಕ್ಕೇ ಯಾರಿಗೂ ದನದ ಯೋಚನೆ ಬರಲಿಲ್ಲ.”

“ಕೊಟ್ಟಿತ್ತು. ಕೊನೇ ಗಾಡಿ ಹೋಗೋಗಂಟ ಬಿಡಲ್ಲ ಅಂತ.”

“ಆ ಮಾತು ಉಳೀತಾ?”

ಗೊಲ್ಲಪ್ಪ ಕೋಲಿನ ತುದಿಯಿಂದ ನೆಲ ಕೆದಕಿದ. ರೇವಣಸಿದ್ದಪ್ಪನವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಓದುವವರು ಉಸಿರು ತೆಗೆದುಕೊಂಡಾಗ ಕೇಳುವವರು ಕಾಯಬೇಕು. ರೊಪ್ಪದೊಳಗೆ ಒಂದು ಗಂಟೆ ಕಿಣಿ ಎಂದಿತು, ಇನ್ನೊಂದು ಅದಕ್ಕೆ ಮರುದನಿ ಕೊಟ್ಟಿತು.

“ಉಳೀಲಿಲ್ಲ,” ಎಂದ ಗೊಲ್ಲಪ್ಪ. “ಬೇಕಂತ ಮುರೀಲಿಲ್ಲ ಸ್ವಾಮಿ. ಬೆಳಿಗ್ಗೆ ಕಿವಿ ತೂತು ಬೀಳಂಗೆ ಸದ್ದಿತ್ತು. ಹೊತ್ತು ಏರ್ತಾ ಏರ್ತಾ ಕಮ್ಮಿ ಆಯ್ತು. ದನ ನೀರಿಗೆ ಒದ್ದಾಡ್ತಿದ್ವು. ರಸ್ತೆಗೆ ಕಿವಿ ಇಟ್ಟು ಕೇಳ್ದೆ. ಎಷ್ಟೊತ್ತಾದ್ರೂ ಏನೂ ಇಲ್ಲ. ಓಟ ಮುಗೀತು, ಎಲ್ಲ ಊರು ಸೇರಿದ್ವು ಅಂದ್ಕಂಡೆ. ರೊಪ್ಪದ ಬಾಗ್ಲು ತೆಗೆದೆ. ಕೆಟ್ಟು ನಿಂತಿರ್ತವೆ ಅಂತ ನಂಗೇನು ಗೊತ್ತು? ಅಷ್ಟೊಂದು ಗಾಡಿ ಒಂದೇ ದಿನಕ್ಕೆ ಕೆಡ್ತವಾ?”

ರೇವಣಸಿದ್ದಪ್ಪನವರು ಕಣ್ಣು ಮುಚ್ಚಿದರು. ಹಲಗೆಯ ಮೇಲಿನ ಕ್ಲಚ್ಚು, ರೇಡಿಯೇಟರು, ಆಕ್ಸಲು, ಬಾಗೂರಿನ ಹೋಳಿಗೆ, ಹೊಳಲ್ಕೆರೆಯ ಅಳಿಯ. ನಕ್ಕು ನೆನೆಯುವ ಆ ನಿವೃತ್ತಿಗಳೆಲ್ಲ ಒಂದೊಂದಾಗಿ ಈ ಮನುಷ್ಯನ ಕಿವಿಗೆ ಮೌನವಾಗಿ ಬಂದು ಸೇರಿದ್ದವು.

“ಆಗ ಚಿತ್ತಯ್ಯ ಬಂದ.”

“ಬಂದ. ದೂರದಾಗೇ ಕಂಡು ನಿಲ್ಲಿಸ್ದ. ಒಂದು ಬಾಲ ಸೋಕಲಿಲ್ಲ. ಬೂಟು ಬಿಟ್ಟು, ಮರದ ಹತ್ರ ಇಟ್ಟು, ಕೈ ಮುಗಿದು ನಿಂತ. ನನ್ನ ಕಡೆ ನೋಡಿ ನಕ್ಕ ಸ್ವಾಮಿ. ಇರ್ಲಿ ಮಾವ, ನಿಧಾನಕ್ಕೆ ಹೋಗ್ಲಿ, ನಂಗೆ ಹೊತ್ತೈತೆ ಅಂದ. ಹೊತ್ತು ಇತ್ತು. ದನ ದಾಟಿದ ಮ್ಯಾಲೆ ಹೋಗಿದ್ರೂ ಅವ್ನೇ ಗೆಲ್ತಿದ್ದ.”

“ಮತ್ತೆ ಯಾಕೆ ಹೋಗಲಿಲ್ಲ?”

ಮುದುಕ ರಸ್ತೆ ಕಡೆ ಕೈ ತೋರಿಸಿದ. “ನಾನು ದನದ ಮುಂದೆ ಮುಂದೆ ಆ ಕಡೆ ತಗ್ಗಿಗೆ ಇಳಿದಿದ್ದೆ. ಹಿಂದಿಂದ ಇನ್ನೊಂದು ಗಾಡಿ ಬಂತು, ಹಾರ್ನು ಹೊಡ್ಕೊಂತ. ಸಂತೋಷಕ್ಕೆ ಹೊಡೆಯೋ ಥರ. ಹತ್ತಿ ಬಂದು ನೋಡೋದ್ರಾಗೆ ಧೂಳು, ಧೂಳಾಗೆ ಓಡಿಹೋಗೋ ಗಾಡಿ ಬೆನ್ನು. ಎಲ್ಲಕ್ಕಿಂತ ಹಿಂದಿದ್ದ ಬಿಳೀ ಹೋರಿಗರ ನೆಲದ ಮ್ಯಾಲಿತ್ತು. ಚಿತ್ತಯ್ಯ ಅದರ ತಲೆ ತೊಡೆ ಮ್ಯಾಲೆ ಇಟ್ಕಂಡು ಕುಂತಿದ್ದ. ಮರದ ಕೆಳಕ್ಕೆ ಎತ್ತಿ ತಂದು ನನ್ನ ಕಂಬಳೀನೇ ಹೊದಿಸಿದ್ವಿ. ಉಸಿರು ಹೋಗೋಗಂಟ ಅವ್ನು ಎದ್ದೇಳಲಿಲ್ಲ.”

ಸುಡು ಬಿಸಿಲಿನ ಕಂಬಳಿ ಗುಪ್ಪೆ. ಮುರುಗಪ್ಪ ಕೈ ಬೀಸಿದ್ದು ಅದರ ಎದುರಿಗೆ.

“ಹಟ್ಟಿಗೆ ಏನು ಹೇಳಿದಿರಿ?”

“ಕೊರಕಲಿಗೆ ಬಿತ್ತು ಅಂದೆ. ಮಾತು ಮುರಿದು ದನ ಬಿಟ್ಟು ಕರ ಕಳಕೊಂಡ ಅಂತ ತಿಳಿದ್ರೆ ಈ ಕೋಲು ಕಿತ್ಕಳ್ತಾರೆ. ನಮ್ಮಪ್ಪ ಹಿಡಿದಿದ್ದ ಕೋಲು ಇದು. ಯಾರಿಗೂ ಹೇಳಬ್ಯಾಡ ಮಗಾ ಅಂತ ಚಿತ್ತಯ್ಯನ ಕಾಲಿಗೆ ಬೀಳಕ್ಕೋದೆ. ಅವ್ನು ಕರದ ತಲೆ ಮುಟ್ಟಿ ಮಾತು ಕೊಟ್ಟ. ನನ್ನ ಕೋಲು ಉಳೀತು. ಅವ್ನ ಹೆಸರು ಹೋಯ್ತು.”

“ನಾಳೆ ಬೆಳಿಗ್ಗೆ ಅದು ಬಣ್ಣದಲ್ಲಿ ಬರೆದು ಹೋಗುತ್ತೆ ಗೊಲ್ಲಪ್ಪ. ಅಷ್ಟರೊಳಗೆ ದುರ್ಗಕ್ಕೆ ಬಂದು ಇದನ್ನ ಹೇಳ್ತೀರಾ?”

ಒಲ್ಲೆ ಎನ್ನುತ್ತಾನೆ ಎಂದುಕೊಂಡಿದ್ದರು. ಮುದುಕ ಎದ್ದು, ರೊಪ್ಪದ ಬೇಲಿಗೆ ಕೋಲನ್ನು ಮೆಲ್ಲಗೆ ಒರಗಿಸಿ, ಬರಿಗೈಯನ್ನು ಒಮ್ಮೆ ನೋಡಿಕೊಂಡ.

“ಬರ್ತೀನಿ. ಸಾಕು. ಇವತ್ತೇ ಯಜಮಾನ್ರ ಮುಂದೆ ಕೋಲು ಇಟ್ಟು ಬರ್ತೀನಿ.”

ರೇವಣಸಿದ್ದಪ್ಪನವರ ಎದೆ ಹಗುರಾಯಿತು. ಉಳಿದದ್ದು ಒಂದೇ ಗಂಟು. “ಕರುವಿಗೆ ಬಡಿದ ಗಾಡಿ ಕೆಂಪುಬಣ್ಣದ್ದು ತಾನೆ? ಮುರುಗಪ್ಪನದು?”

“ಕೆಂಪುದಾ? ಅಲ್ಲಲ್ಲ. ಅದು ಆಮ್ಯಾಲೆ ಬಂತು, ಕರ ಆಗ್ಲೇ ಕಂಬಳಿ ಕೆಳಗಿತ್ತು, ನಾನು ತಗ್ಗಿನಾಗೆ ದನದ ಹತ್ರ ಇದ್ದೆ. ಇದು ಓಟದ ಗಾಡೀನೇ ಅಲ್ಲ ಸ್ವಾಮಿ. ಓಟದವಕ್ಕೆ ಬೆನ್ನ ಮ್ಯಾಲೆ ರೊಟ್ಟಿ ಅಗಲ ಬಿಳೀ ಗುಂಡು, ಅದರಾಗೆ ನಂಬರು ಇರ್ತಿತ್ತಲ್ಲ, ಇದಕ್ಕೆ ಇರಲಿಲ್ಲ. ಹಿಂದುಗಡೆ ಟಾರ್ಪಾಲು ಪಟಪಟ ಬಡ್ಕೊಂತಿತ್ತು. ಹಂಗೇ ತಿರುಗಿಸ್ಕೊಂಡು ಹಿರಿಯೂರು ಕಡೀಕೇ ಹೋಯ್ತು.”

ಗಾಳಿ ನಿಂತಂತಾಯಿತು. ಹಿರಿಯೂರು ಕಡೆಗೆ. ಓಟ ಮುಗಿಯುವ ಮೊದಲು ರಸ್ತೆಗಿಳಿದ ಗಾಡಿ. ತನ್ನವನು ಗೆಲ್ಲುತ್ತಿದ್ದಾನೆ ಎಂಬ ಸಂತೋಷಕ್ಕೆ ಹಾರ್ನು ಹೊಡೆಯುತ್ತ ಬಂದ ಯಾರೋ.

ಅವರು ಮುಂದೆ ಯೋಚಿಸುವಷ್ಟರಲ್ಲಿ ಬೇಲಿಯಾಚೆ ಕುರಿಗಳ ಗೊರಸಿನ ಸದ್ದಾಯಿತು. ಮಂದೆಯ ಹಿಂದೆ ಒಬ್ಬ ಎತ್ತರದ ಗಂಡಸು ಬಂದು ನಿಂತಿದ್ದ. ಬರಿಗಾಲು, ಹೆಗಲ ಮೇಲೆ ಕುಂಟುವ ಒಂದು ಕುರಿಮರಿ. ಚಿತ್ತಯ್ಯ. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದನೋ.

“ಕೋಲು ತಗಾ ಮಾವ,” ಎಂದ. “ನೀನು ಎಲ್ಲಿಗೂ ಹೋಗದು ಬ್ಯಾಡ.”

“ಸುಮ್ಕಿರೋ. ಐದು ವರ್ಷ ನಿನ್ನ ಬಾಯಿ ನಾನೇ ಹೊಲಿದಿಟ್ಟೆ.”

“ಚಿತ್ತಯ್ಯ,” ರೇವಣಸಿದ್ದಪ್ಪನವರು ಎದ್ದು ಅವನ ಹತ್ತಿರ ಹೋದರು. “ಸರಿಯಾಗಿ ಕೇಳಿಸ್ಕೋ. ನಿಮ್ಮ ಮಾವ ಕಂಡದ್ದು ಧೂಳು, ಒಂದು ಗಾಡಿಯ ಬೆನ್ನು, ಅಷ್ಟೇ. ಇವರು ಬಂದು ಹೇಳಿದರೆ ಕಮಿಟಿಯವರು ಮೊದಲು ಕೇಳೋದು, ಕರುವಿಗೆ ಬಡಿದದ್ದು ಯಾರ ಗಾಡಿ ಅಂತ. ಹೆಸರಿಲ್ಲದಿದ್ದರೆ ಅಲ್ಲಿ ನಿಂತಿದ್ದ ಗಾಡಿ ಒಂದೇ, ನಿನ್ನದು. ಸಂಘದ ಹಲಗೆ ಒಂದು ಕಡೆ ಇರಲಿ. ದೇವರ ಕರು ಕೊಂದವನು ನೀನೇ ಅಂತ ನಿನ್ನ ಹಟ್ಟಿಯೇ ಹೇಳುತ್ತೆ. ನಿನ್ನ ತಾಯಿ ಅದನ್ನ ಕೇಳ್ತಾಳೆ.”

ಚಿತ್ತಯ್ಯನ ಬೆರಳು ಕುರಿಮರಿಯ ಕಿವಿಯನ್ನು ಸವರುತ್ತಿತ್ತು. ಆ ಕೈ ಒಂದು ಕಾಲದಲ್ಲಿ ಈ ನಾಲ್ಕು ಊರಿನ ತಿರುವುಗಳನ್ನೆಲ್ಲ ಬಾಯಿಪಾಠ ಮಾಡಿತ್ತು.

“ನೀನು ಮಾವನಿಗೆ ಕೊಟ್ಟ ಮಾತನ್ನ ಮಾವನೇ ಬಿಡಿಸಿದ. ಇನ್ನು ಯಾವ ಆಣೆಯೂ ನಿನ್ನ ಮೇಲಿಲ್ಲ. ಜೀಪಿನಲ್ಲಿ ಇದ್ದವರು ಯಾರು? ನಾಳೆ ಬೆಳಿಗ್ಗೆ ಬಂದು ಆ ಒಂದು ಹೆಸರು ಹೇಳು. ಸಾಕು.”

ಜೀಪು ಎಂಬ ಮಾತನ್ನು ಗೊಲ್ಲಪ್ಪ ಆಡಿರಲಿಲ್ಲ. ಚಿತ್ತಯ್ಯನ ಬೆರಳು ನಿಂತಿತು.

ಅವನು ತಲೆಯೆತ್ತಿದ. ಬೇಲಿಯ ಮೇಲಿಂದ ತಿರುವು ಕಾಣುತ್ತಿತ್ತು. ಬೇವಿನ ನೆರಳಲ್ಲಿ ಹಳದಿ ಗಾಡಿ. ಅದರ ಪಕ್ಕದಲ್ಲಿ ಜಂಬಣ್ಣ, ಹಟ್ಟಿಗೆ ಬೆನ್ನು ಹಾಕಿ, ಧೂಳೇ ಇಲ್ಲದ ಗಾಜನ್ನು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಅವನ ಚಪ್ಪಲಿಗಳು ಮರದ ಬುಡದಲ್ಲಿದ್ದವು. ಪಕ್ಕಪಕ್ಕದಲ್ಲಿ, ಮೂತಿ ರಸ್ತೆ ಕಡೆಗೆ.

ಚಿತ್ತಯ್ಯ ಬಹಳ ಹೊತ್ತು ಅತ್ತಲೇ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ; ತನಗೆ ಸ್ಟೇರಿಂಗು ಹಿಡಿಸಿದವನನ್ನು ನೋಡುವ ಕಣ್ಣು ಅದು.

“ಹೇಳಲ್ಲ, ಸ್ವಾಮಿ,” ಎಂದ. “ಹಲಗೆ ಮ್ಯಾಲೆ ಏನು ಬೇಕಾದ್ರೂ ಬರ್ಕಳ್ಳಿ. ನಾನು ಹೇಳಲ್ಲ.”